ಬಚ್ಚಲ ಸಾಕ್ಷ್ಯ: ನೈಟಿಂಗೇಲಳ ಬಗೆಗಿನ ಒಂದು ತೀರ್ಪಿನ ವಿಮರ್ಶೆ

ಆಸ್ಪತ್ರೆಯ ಸೋಂಕಿನ ಚರಿತ್ರೆಯನ್ನು ಪಠ್ಯಗ್ರಂಥಗಳು ಸಾಮಾನ್ಯವಾಗಿ ವಿಜಯಗಾಥೆಯಂತೆ ನಿರೂಪಿಸುತ್ತವೆ. ೧೮೪೭ರಲ್ಲಿ ವಿಯೆನ್ನಾದಲ್ಲಿ ಸೆಮ್ಮೆಲ್‌ವೈಸನು ವೈದ್ಯರ ಕೈಗಳನ್ನು ಕ್ಲೋರಿನ್ ದ್ರಾವಣದಲ್ಲಿ ತೊಳೆಯಿಸಿದನು. ೧೮೬೭ರಲ್ಲಿ ಲಿಸ್ಟರನು ಕಾರ್ಬಾಲಿಕ್ ಆಮ್ಲದ ಪ್ರಯೋಜನವನ್ನು ಪ್ರಕಟಪಡಿಸಿದನು. ಕೆಟ್ಟ ಗಾಳಿಯೇ ರೋಗಮೂಲವೆಂಬ ಹಳೆಯ ನಂಬಿಕೆ ಅಳಿಯಿತು. ಈ ಕಥನದಲ್ಲಿ ಫ್ಲಾರೆನ್ಸ್ ನೈಟಿಂಗೇಲಳಿಗೆ ಕರುಣಾಮೂರ್ತಿಯ ಸ್ಥಾನವುಂಟು, ಚಿಂತಕಿಯ ಸ್ಥಾನವಿಲ್ಲ. ಈ ತೀರ್ಪು ಅರ್ಧಸತ್ಯವೆಂಬುದು ನಮ್ಮ ಅಭಿಪ್ರಾಯ.

೧೮೫೯ರ 'ನೋಟ್ಸ್ ಆನ್ ನರ್ಸಿಂಗ್' ಗ್ರಂಥದಲ್ಲಿ ಆಕೆ ಮನೆಯ ಆರೋಗ್ಯಕ್ಕೆ ಐದು ಅಂಗಗಳನ್ನು ಹೇಳುತ್ತಾಳೆ: ಶುದ್ಧ ಗಾಳಿ, ಶುದ್ಧ ನೀರು, ಸಮರ್ಪಕ ಚರಂಡಿ, ಶುಚಿತ್ವ, ಬೆಳಕು. ಅಲ್ಲಿಯೇ ಕಲ್ಲಿನ ತೊಟ್ಟಿಬಚ್ಚಲನ್ನು ಕಟುವಾಗಿ ಖಂಡಿಸುತ್ತಾಳೆ. ಸದಾ ಒದ್ದೆಯಾಗಿಯೇ ಉಳಿಯುವ ಅದರ ಮೈ ಗಾಳಿಯನ್ನು ಕೆಡಿಸುವುದೆಂಬುದು ಆಕೆಯ ಆಕ್ಷೇಪ. ಇದು ಬರಿಯ ಗೃಹಿಣಿಯ ಅಚ್ಚುಕಟ್ಟಲ್ಲ. ಸ್ಕುಟಾರಿಯ ಸೈನಿಕ ಆಸ್ಪತ್ರೆಯಲ್ಲಿ, ಆಕೆ ಮುಂದೆ ಪ್ರಕಟಿಸಿದ ಲೆಕ್ಕದಂತೆ, ೧೮೫೫ರ ಫೆಬ್ರವರಿಯಲ್ಲಿ ನೂರಕ್ಕೆ ೪೨ರಷ್ಟಿದ್ದ ಮರಣಪ್ರಮಾಣವು ಜೂನ್ ವೇಳೆಗೆ ನೂರಕ್ಕೆ ೨ರ ಸಮೀಪಕ್ಕೆ ಇಳಿಯಿತು. ನಡುವೆ ಬಂದ ನೈರ್ಮಲ್ಯ ಆಯೋಗವು ಮಾಡಿಸಿದ ಮುಖ್ಯ ಕಾರ್ಯಗಳಲ್ಲೊಂದು ಚರಂಡಿಗಳ ಶುದ್ಧೀಕರಣ.

ಈಗ ಇತ್ತೀಚಿನ ಸಾಕ್ಷ್ಯವನ್ನು ನೋಡೋಣ. ೨೦೦೪-೦೬ರಲ್ಲಿ ಟೊರಾಂಟೊದ ಆಸ್ಪತ್ರೆಯೊಂದರ ತೀವ್ರನಿಗಾ ವಿಭಾಗದಲ್ಲಿ ೩೬ ರೋಗಿಗಳಿಗೆ ಔಷಧಿಗಳಿಗೆ ಬಗ್ಗದ ಸ್ಯೂಡೊಮೊನಾಸ್ ತಗುಲಿತು. ಅದರ ನೆಲೆ ಕೈತೊಳೆಯುವ ಬೇಸಿನ್ನಿನ ಕೊಳವೆ. ನಲ್ಲಿ ಬಿಟ್ಟಾಗ ಹನಿಗಳು ಒಂದು ಮೀಟರಿನಷ್ಟು ದೂರ ಸಿಡಿಯುತ್ತಿದ್ದವು. ೨೦೧೧-೧೨ರಲ್ಲಿ ಉತ್ತರ ಐರ್ಲೆಂಡಿನಲ್ಲಿ ಇದೇ ಜೀವಿಯಿಂದ ನವಜಾತ ಶಿಶುಗಳು ಅಸುನೀಗಿದಾಗ ತನಿಖೆಯು ನಲ್ಲಿಗಳತ್ತ ತಿರುಗಿತು. ೨೦೧೭ರಲ್ಲಿ ವರ್ಜೀನಿಯಾದ ಸಂಶೋಧಕರು ಕೊಳವೆಯ ಬಾಗಿನಲ್ಲಿ ನಿಂತ ನೀರಿಗೆ ಹೊಳೆಯುವ ಇ. ಕೋಲೈ ಬೆರೆಸಿ ನೋಡಿದರು. ಪೋಷಕಾಂಶ ದೊರೆತಾಗ ಆ ಜೀವಿಸಮೂಹವು ಲೋಳೆಪದರವಾಗಿ ದಿನಕ್ಕೆ ಸುಮಾರು ಒಂದು ಅಂಗುಲದಂತೆ ಮೇಲೇರಿ ಜಾಲರಿಯನ್ನು ಮುಟ್ಟಿತು. ಆಮೇಲೆ ನೀರು ಬಿದ್ದೊಡನೆ ಸುತ್ತಲೂ ಸಿಡಿಯಿತು.

ಇದರಿಂದ ನೈಟಿಂಗೇಲಳನ್ನು ಪ್ರವಾದಿಯೆನ್ನಲಾಗದು. ಆಕೆ ಅಂಜಿದ್ದು ಆವಿಗೆ, ದುರ್ಗಂಧಕ್ಕೆ. ವಾಸನೆಯಿಲ್ಲದ ಹೊಳಪಿನ ಬೇಸಿನ್ ಆಕೆಯ ಪರೀಕ್ಷೆಯಲ್ಲಿ ಬಹುಶಃ ತೇರ್ಗಡೆಯಾಗುತ್ತಿತ್ತು. ಕಾರಣವನ್ನು ತಪ್ಪಾಗಿ ಊಹಿಸಿದರೂ ಸ್ಥಳವನ್ನು ಸರಿಯಾಗಿ ಗುರುತಿಸಿದಳೆಂಬುದಷ್ಟೇ ನಮ್ಮ ವಾದ. ಆಕೆಯ ಸಿದ್ಧಾಂತವನ್ನು ತಳ್ಳಿದವರು ಅವಲೋಕನವನ್ನೂ ಅದರೊಡನೆ ತಳ್ಳಿದರು. ಕೈ ತೊಳೆಯಬೇಕೆಂಬ ಪಾಠ ಇಂದಿಗೂ ನಿರ್ವಿವಾದ. ಆದರೆ ಕೈಯ ಮೇಲೆ ನೆಟ್ಟ ದೃಷ್ಟಿ, ಕೈ ತೊಳೆಯುವ ತಾಣವನ್ನು ಸಂದೇಹಿಸಲು ತಡಮಾಡಿತು. ಹಲವು ರೋಗಿಗಳು ಒಂದೇ ಬಚ್ಚಲನ್ನು ಬಳಸುವಲ್ಲಿ ಈ ವಿಳಂಬಕ್ಕೆ ಬೆಲೆ ತೆರುವವರು ದುರ್ಬಲರು.

ಸೋತ ಸಿದ್ಧಾಂತಗಳನ್ನು ಕಸವೆಂದು ಗುಡಿಸಿಹಾಕದೆ, ಅವು ಕಂಡುದೇನು, ಕಾಣದೆ ಹೋದುದೇನು ಎಂದು ಬೇರ್ಪಡಿಸುವುದು ಇತಿಹಾಸಕಾರನ ಕರ್ತವ್ಯ. ಪಾಠ ಹೇಳುವಾಗ ನಾವೂ ಇದನ್ನು ಮರೆತಿದ್ದೇವೆಂದು ಒಪ್ಪಿಕೊಳ್ಳುವುದೇ ತಿದ್ದುಪಡಿಯ ಮೊದಲ ಹೆಜ್ಜೆ.