ಚೆನ್ನಿ ಸತ್ತದ್ದು ಎಲ್ಲಿ?

ಆನಂದರ ‘ನಾನು ಕೊಂದ ಹುಡುಗಿ’ ಕಥೆ ಓದಿದವರ ನೆನಪಿನಲ್ಲಿ ಕೊನೆಗೆ ಉಳಿಯುವುದು ಒಂದು ಬಾವಿ. ಹರಕೆಗೆಂದು ದೇವರ ಹೆಸರಿಗೆ ಬಸವಿ ಬಿಟ್ಟ ಹುಡುಗಿ ಚೆನ್ನಿ. ಮನೆಗೆ ಬಂದಿಳಿದ ಅತಿಥಿಯನ್ನು ಆದರದಿಂದ ನೋಡಿಕೊಂಡು, ಒಂದು ರಾತ್ರಿ ಅವನ ಕೋಣೆಗೆ ಬರುತ್ತಾಳೆ. ಅವನು ಬೆಚ್ಚುತ್ತಾನೆ, ಅವಳನ್ನು ಮುಟ್ಟುವುದಿಲ್ಲ. ಅವಳು ದೇವರ ಸೇವೆಯೆಂದು ನಂಬಿಕೊಂಡಿರುವ ಬದುಕು ನಿಜವಾಗಿ ಎಂಥದು ಎಂದು ಬಿಡಿಸಿ ಹೇಳುತ್ತಾನೆ. ಬೆಳಗಾಗುವ ಹೊತ್ತಿಗೆ ಅವಳು ಬಾವಿಯಲ್ಲಿ ಹೆಣವಾಗಿದ್ದಾಳೆ. ಕಥೆಯಲ್ಲಿ ಸಾವಿನ ಪ್ರತಿಮೆ ಯಾವುದೆಂದರೆ ಎಲ್ಲರ ಬೆರಳೂ ಬಾವಿಯ ಕಡೆ ತಿರುಗುವುದು ಸಹಜವೇ. ಆದರೆ ಕಥೆಯ ಕಟ್ಟಡ ಬೇರೆ ಕಡೆ ಕೈ ತೋರುತ್ತಿದೆ ಎಂಬುದು ನನ್ನ ವಾದ. ಚೆನ್ನಿ ಸಾಯುವುದು ಆ ಕೋಣೆಯಲ್ಲಿ, ಅವನ ಮಾತು ಕೇಳುತ್ತ ನಿಂತಾಗ. ಬಾವಿ ಆ ಸಾವನ್ನು ಊರಿಗೆ ತಿಳಿಸುತ್ತದೆ, ಅಷ್ಟೆ.

ಹಾಗೆ ಹೇಳಲು ಮೊದಲ ಆಧಾರ ನಿರೂಪಕನ ಹವ್ಯಾಸ. ಹಳೆಯ ಮೈಸೂರಿನ ಊರೂರು ಸುತ್ತಿ ಗುಡಿಗಳ ಶಿಲ್ಪ ನೋಡುವವನು ಅವನು. ಆನಂದ ಎಂದರೆ ಅಜ್ಜಂಪುರ ಸೀತಾರಾಂ (1902–1963). ಅಜ್ಜಂಪುರ, ತರೀಕೆರೆ, ಕಡೂರು ಸೀಮೆಯ ಓದುಗನಿಗೆ ಈ ಹವ್ಯಾಸದ ರುಚಿ ವಿವರಿಸಿ ಹೇಳಬೇಕಾಗಿಲ್ಲ. ಹೊಯ್ಸಳ ವೀರಬಲ್ಲಾಳನ ಕಾಲದಲ್ಲಿ, 1196ರಲ್ಲಿ ಎದ್ದುನಿಂತ ಅಮೃತಾಪುರದ ಅಮೃತೇಶ್ವರ ಗುಡಿ ತರೀಕೆರೆಯ ಮಗ್ಗುಲಲ್ಲೇ ಇದೆ. ಕಲ್ಲಿನ ಹೆಣ್ಣನ್ನು ನೋಡಿ ಪಳಗಿದ ಕಣ್ಣಿಗೆ ಒಂದು ಅನುಕೂಲವಿದೆ. ಕಲ್ಲು ಮರುಮಾತಾಡುವುದಿಲ್ಲ, ಎದ್ದು ಬಂದು ಬಾಗಿಲಲ್ಲಿ ನಿಲ್ಲುವುದಿಲ್ಲ. ಗುಡಿಯ ಗೋಡೆಯ ಮೇಲೆ ದೇವರಿಗಾಗಿ ನಿಂತ ಹೆಣ್ಣನ್ನು ಮೆಚ್ಚಿ ನೋಡಲು ಮೈಲಿಗಟ್ಟಲೆ ನಡೆದು ಬಂದವನು, ದೇವರ ಹೆಸರಿಗೆ ಬಿಟ್ಟ ಜೀವಂತ ಹೆಣ್ಣು ಎದುರಾದ ಕೂಡಲೇ ಹೇಸುತ್ತಾನೆ. ಈ ಎರಡನ್ನೂ ಆನಂದರು ಒಂದೇ ವಾಕ್ಯದಲ್ಲಿ ಜೋಡಿಸಿ ತೋರಿಸುವುದಿಲ್ಲ. ಜೋಡಿಸಿದ್ದರೆ ಅದು ಉಪದೇಶವಾಗುತ್ತಿತ್ತು. ಒಂದರ ಪಕ್ಕ ಒಂದನ್ನು ಸುಮ್ಮನೆ ಇಟ್ಟುಬಿಟ್ಟದ್ದರಿಂದ ಅದು ಸಂಕೇತವಾಗಿದೆ.

ಇನ್ನೊಂದು ಆಧಾರ ಬಸವಿ ಪದ್ಧತಿಯ ಒಳಗೇ ಇದೆ. ಬಸವಿ ಗಂಡನ ಮನೆಗೆ ಹೋಗುವವಳಲ್ಲ. ತೌರಿನಲ್ಲೇ ಉಳಿದು ಎಷ್ಟೋ ಕಡೆ ಮಗನ ಸ್ಥಾನದಲ್ಲಿ ನಿಂತು ಮನೆತನ ಮುಂದುವರಿಸಬೇಕಾದವಳು. ಅವಳ ಕೈಹಿಡಿದವನು ದೇವರು. ದೇವರಿಗೆ ಸಾವಿಲ್ಲ, ಆದ್ದರಿಂದ ಇವಳಿಗೆ ವೈಧವ್ಯವೂ ಇಲ್ಲ. ಕುಂಕುಮ ಅಳಿಸುವ, ಬಳೆ ಒಡೆಯುವ ಸಾವನ್ನು ಅವಳ ಹಣೆಬರಹದಿಂದಲೇ ತೆಗೆದುಹಾಕಿದ ಏರ್ಪಾಡು ಇದು. ಊರು ಅವಳನ್ನು ಮಂಗಳಕರಳೆಂದು ಕರೆದದ್ದು ಈ ಬಲದ ಮೇಲೆ. ಹೀಗೆ ಸಾವು ಹೊರಗಿನಿಂದ ಬರಲು ದಾರಿಯೇ ಇಲ್ಲದ ಹೆಣ್ಣಿಗೆ ಸಾವು ಬರಬೇಕಾದರೆ ಅವಳ ನಂಬಿಕೆಯೇ ಸಾಯಬೇಕು. ಆ ರಾತ್ರಿ ಅತಿಥಿ ಕೊಲ್ಲುವುದು ಅದನ್ನು. ಅವಳ ದೇವರನ್ನು ಕಿತ್ತುಕೊಂಡ ಅವನ ಕೈಯಲ್ಲಿ ಬದಲಿಗೆ ಕೊಡಲು ಒಂದು ಸೂರಾಗಲಿ, ನಾಳೆಯ ಭರವಸೆಯಾಗಲಿ ಇರಲಿಲ್ಲ. ಅವನು ಹೇಳಿದ್ದರಲ್ಲಿ ಸುಳ್ಳಿಲ್ಲ ಎಂಬುದೇ ಈ ಕಥೆಯ ಘೋರ.

ನೀರಿನಲ್ಲಿ ಹೆಣ್ಣು ಮುಗಿಯುವ ಚಿತ್ರ ಕನ್ನಡಕ್ಕೆ ಹೊಸದಲ್ಲ. ‘ಕೆರೆಗೆ ಹಾರ’ದ ಹಾಡಿನ ಸೊಸೆ ಭಾಗೀರಥಿಯನ್ನು ಬಲ್ಲವರಿಗೆ, ಎಮ್ಮೆದೊಡ್ಡಿ ಕಡೆಯ ಮದಗದ ಕೆರೆಯಂಥ ಕೆರೆಗಳ ಮೇಲೆ ಹಬ್ಬಿದ ಹಾಡು-ಕಥೆಗಳನ್ನು ಕೇಳಿದವರಿಗೆ, ನೀರು ಹೆಣ್ಣನ್ನು ಕೇಳುತ್ತದೆ ಎಂಬ ಭಾವ ರಕ್ತದಲ್ಲೇ ಬಂದಂತಿದೆ. ಆನಂದರ ಕಥೆ ಈ ಭಾವದ ಮೇಲೆ ನಿಂತು ಅದನ್ನು ತಿರುಗಿಸುತ್ತದೆ. ಭಾಗೀರಥಿಯನ್ನು ಮನೆಯವರು ಕೆರೆಗೆ ಕೊಟ್ಟರು, ಕೆರೆ ತುಂಬಿತು, ಊರಿಗೆ ಫಲ ಸಿಕ್ಕಿತು. ಚೆನ್ನಿಯನ್ನು ಮನೆಯವರು ಕೊಟ್ಟದ್ದು ಎಂದೋ ಆಗಿಹೋಗಿದೆ, ಹರಕೆಯ ದಿನವೇ. ಬಾವಿಗೆ ಅವಳನ್ನು ಯಾರೂ ಕೊಡಲಿಲ್ಲ, ಅವಳೇ ಹೋದಳು. ಆ ಸಾವಿನಿಂದ ಯಾವ ಕೆರೆಯೂ ತುಂಬುವುದಿಲ್ಲ. ಕೆರೆ ಊರಿನದು, ಬಾವಿ ಮನೆಯದು ಎಂಬ ವ್ಯತ್ಯಾಸವನ್ನೂ ಮರೆಯಬಾರದು. ಸೊಸೆಯ ಬಲಿಯನ್ನು ಊರು ಹಾಡಿಕೊಂಡಿತು. ಈ ಸಾವನ್ನು ಒಬ್ಬ ಅಪರಿಚಿತ ತಪ್ಪೊಪ್ಪಿಗೆಯಾಗಿ ಹೇಳಿಕೊಳ್ಳುತ್ತಾನೆ.

ಇಷ್ಟೆಲ್ಲ ಅರ್ಥ ತುಂಬುವುದು ನವ್ಯದ ಕನ್ನಡಕ ಹಾಕಿಕೊಂಡು ನವೋದಯದ ನೇರ ಕಥೆ ಓದಿದಂತೆ ಎಂದು ಆಕ್ಷೇಪಿಸಬಹುದು. ಅನಂತಮೂರ್ತಿಯವರ ‘ಘಟಶ್ರಾದ್ಧ’ದಲ್ಲಿ ಬದುಕಿರುವ ವಿಧವೆಗೆ ಶ್ರಾದ್ಧ ಮಾಡುವ ಆಚರಣೆಯೇ ಪ್ರತಿಮೆ, ಹೆಸರಿನಲ್ಲೇ ಅದು ಘೋಷಿತ. ಆನಂದರಲ್ಲಿ ಅಂಥ ಘೋಷಣೆ ಇಲ್ಲ, ನಿಜ. ಆದರೆ ‘ಘಟಶ್ರಾದ್ಧ’ದ ಯಮುನೆಯನ್ನು ಸಮಾಜ ಸತ್ತಳೆಂದು ಸಾರಿದ ಮೇಲೂ ಅವಳು ಉಸಿರಾಡುತ್ತಲೇ ಇರುತ್ತಾಳೆ, ಚೆನ್ನಿಯನ್ನು ಸಮಾಜ ಸುಮಂಗಲಿಯೆಂದು ಸಾರಿದ್ದರೂ ಅವಳು ಸಾಯುತ್ತಾಳೆ. ಒಂದು ಇನ್ನೊಂದರ ಮಗುಚಿದ ರೂಪ. ಸಂಕೇತವನ್ನು ಹೊಸೆದು ತಂದಿಡಲೇಬೇಕೆಂದಿಲ್ಲ, ನಡೆದ ಸಂಗತಿಗಳ ಹೊಂದಿಕೆಯಲ್ಲೂ ಅದು ಹುಟ್ಟುತ್ತದೆ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಮತ್ತೊಂದಿದೆ. ‘ನಾನು ಕೊಂದೆ’ ಎಂದು ವಿದ್ಯಾವಂತನೊಬ್ಬ ಎದೆ ಬಡಿದುಕೊಂಡರೆ ನಿಜವಾದ ಅಪರಾಧಿಯಾದ ಪದ್ಧತಿ ನುಣುಚಿಕೊಂಡಂತಾಗುವುದಿಲ್ಲವೆ? ಹುಡುಗಿಯ ಸಾವೂ ಗಂಡಸಿನ ಮನಸ್ಸಾಕ್ಷಿಯ ಕಥೆಯಾಗಿ ಮುಗಿಯುವುದಿಲ್ಲವೆ? ಎರಡನೆಯ ಮಾತನ್ನು ಒಪ್ಪಲೇಬೇಕು. ಕೋಣೆಯಿಂದ ಬಾವಿಯವರೆಗಿನ ಚೆನ್ನಿಯ ನಡಿಗೆ ಕಥೆಯಲ್ಲಿಲ್ಲ. ಆ ಕತ್ತಲಲ್ಲಿ ಅವಳಿಗೆ ಏನನ್ನಿಸಿತೆಂದು ತಿಳಿಯಲು ನಮಗೆ ದಾರಿಯಿಲ್ಲ, ಅದು ದೊಡ್ಡ ಕೊರತೆ. ಮೊದಲನೆಯದನ್ನು ಮಾತ್ರ ನಾನು ಒಪ್ಪಲಾರೆ. ಪದ್ಧತಿ ಚೆನ್ನಿಯನ್ನು ಕೊಂದಿರಲಿಲ್ಲ. ಉಣ್ಣಿಸಿ, ಉಡಿಸಿ, ನಗಿಸಿ ಇಟ್ಟುಕೊಂಡಿತ್ತು. ಅದರ ಕ್ರೌರ್ಯ ಅವಳಿಗೆ ಕಾಣದಂತೆ ಇಟ್ಟಿತ್ತು. ಕಾಣಿಸಿದವನು ಕಾಣಿಸಿದ ಮೇಲೆ ಬಾಗಿಲು ಮುಚ್ಚಿ ಮಲಗಿದ ಎಂಬುದನ್ನು ಹೇಳದೆ ಪದ್ಧತಿಯೊಂದನ್ನೇ ದೂರುವ ಕಥೆಗಳನ್ನು ಸುಧಾರಣೆಯ ಕಾಲದಲ್ಲಿ ಸುಲಭವಾಗಿ ಬರೆಯಬಹುದಾಗಿತ್ತು. ಬಸವಿಯಂತೆ ಹೆಣ್ಣನ್ನು ದೇವದಾಸಿಯಾಗಿ ಬಿಡುವುದನ್ನು ನಿಷೇಧಿಸುವ ಕರ್ನಾಟಕದ ಕಾಯ್ದೆ ಬಂದದ್ದು 1982ರಲ್ಲಿ, ಆನಂದರು ತೀರಿಕೊಂಡು ಹತ್ತೊಂಬತ್ತು ವರ್ಷದ ಮೇಲೆ. ಬಿಡುವುದು ತಪ್ಪೆಂದು ಹೇಳುವುದು ಕಾಯ್ದೆಯ ಕೆಲಸ. ಹಾಗೆ ಬಿಡಲಾದವಳು ಅದು ತಪ್ಪೆಂದು ತಿಳಿದ ಮರುದಿನ ಬೆಳಿಗ್ಗೆ ಎಲ್ಲಿಗೆ ಹೋಗಬೇಕು ಎಂಬ ಪ್ರಶ್ನೆಯನ್ನು ಈ ಕಥೆ ಅದಕ್ಕೂ ಮೊದಲೇ ಹಿಡಿದಿತ್ತು.

ತಲೆಬರಹದ ಕೊನೆಯ ಪದವನ್ನೂ ಇದೇ ಬೆಳಕಿನಲ್ಲಿ ಓದಬೇಕು. ಅಲ್ಲಿ ‘ಬಸವಿ’ ಎಂದಿಲ್ಲ, ‘ಚೆನ್ನಿ’ ಎಂದೂ ಇಲ್ಲ, ಇರುವುದು ‘ಹುಡುಗಿ’. ಬದುಕಿದ್ದಾಗ ಅವಳು ಮನೆಯವರಿಗೆ ಹರಕೆ, ಊರಿಗೆ ಬಸವಿ, ಅತಿಥಿಗೆ ತಿದ್ದಬೇಕಾದ ತಪ್ಪು. ಬರೀ ಹುಡುಗಿ ಎಂದು ಅವನು ಅವಳನ್ನು ಕರೆಯುವ ಹೊತ್ತಿಗೆ ಅವಳು ಓಗೊಡುವಂತಿರಲಿಲ್ಲ.