ತಬ್ಬಲಿ ಯಾರು? — ಪರದೇಶದ ಸಂಗಾತಿಯೊಡನೆ ಊರಿಗೆ ಮರಳುವಿಕೆಯನ್ನು ಕುರಿತು ಒಂದು ವಿಮರ್ಶೆ

೧

ಎಸ್. ಎಲ್. ಭೈರಪ್ಪನವರ ‘ತಬ್ಬಲಿಯು ನೀನಾದೆ ಮಗನೆ’ ಎಂಬ ಕಾದಂಬರಿ ೧೯೬೮ರಲ್ಲಿ ಪ್ರಕಟವಾಯಿತು. ೧೯೭೭ರಲ್ಲಿ ಗಿರೀಶ ಕಾರ್ನಾಡರೂ ಬಿ. ವಿ. ಕಾರಂತರೂ ಕೂಡಿ ಅದನ್ನು ಕನ್ನಡದಲ್ಲಿಯೂ, ‘ಗೋಧೂಳಿ’ ಎಂಬ ಹೆಸರಿನಿಂದ ಹಿಂದಿಯಲ್ಲಿಯೂ ಚಲಚ್ಚಿತ್ರವಾಗಿಸಿದರು. ಅಂದಿನಿಂದ ಈ ಕೃತಿಯನ್ನು ಕುರಿತ ಚರ್ಚೆಯು ಬಹುಮಟ್ಟಿಗೆ ಒಂದೇ ಪ್ರಶ್ನೆಯ ಸುತ್ತ ನಡೆದುಬಂದಿದೆ: ಗೋವು ತಾಯಿಯೋ, ಅಥವಾ ಹಾಲು ಗೊಬ್ಬರಗಳ ಲೆಕ್ಕಕ್ಕೆ ಒಳಪಟ್ಟ ಸಾಕುಪ್ರಾಣಿಯೋ? ಪ್ರಶ್ನೆ ಕಿರಿದಾದುದಲ್ಲ. ಆದರೆ ಅದರ ಬೆಳಕು ಪ್ರಖರವಾದಷ್ಟೂ ಕೃತಿಯ ಇನ್ನೊಂದು ಮಗ್ಗುಲು ಕತ್ತಲಲ್ಲಿ ಉಳಿದಿದೆ ಎಂದು ನನಗೆ ತೋರುತ್ತದೆ.

ಸ್ವಾತಂತ್ರ್ಯೋತ್ತರ ಕಾಲದ ಗ್ರಾಮಜೀವನದ ಬದಲಾವಣೆಗಳನ್ನು ತರಗತಿಯಲ್ಲಿ ವಿವರಿಸುತ್ತಿದ್ದಾಗ ನಾನು ಈ ಕಾದಂಬರಿಯನ್ನು ನಿದರ್ಶನವಾಗಿ ಎತ್ತಿಕೊಂಡೆನು. ಪಾಠ ಮುಗಿದ ಮೇಲೆ ವಿದ್ಯಾರ್ಥಿನಿಯೊಬ್ಬಳು ಎದ್ದು ನಿಂತು, “ಕಾಳಿಂಗನೇನೋ ಊರಿಗೆ ಮರಳಿದ. ಹಿಲ್ಡಾ ಎಲ್ಲಿಗೆ ಮರಳಿದಳು, ಸರ್?” ಎಂದು ಕೇಳಿದಳು. ಗಂಟೆ ಹೊಡೆದುದರಿಂದ ನಾನು ಅಂದು ಪಾರಾದೆನು. ಪ್ರಕೃತ ಲೇಖನವು ಆ ಪ್ರಶ್ನೆಗೆ ತಡವಾಗಿ ಕೊಡುತ್ತಿರುವ ಉತ್ತರ.

೨

ಕಥೆಯ ಸ್ಥೂಲರೇಖೆ ವಾಚಕರಿಗೆ ಪರಿಚಿತವಾದುದೇ. ತಲೆಮಾರುಗಳಿಂದ ಗೋಪಾಲನೆಯನ್ನೇ ಧರ್ಮವಾಗಿ ನಡೆಸಿಕೊಂಡು ಬಂದ ಮನೆತನದ ಕುಡಿಯಾದ ಕಾಳಿಂಗನು ವ್ಯವಸಾಯ ವಿಜ್ಞಾನವನ್ನು ಕಲಿಯಲು ಅಮೆರಿಕಕ್ಕೆ ಹೋಗುತ್ತಾನೆ. ಅಲ್ಲಿಯವಳಾದ ಹಿಲ್ಡಾಳನ್ನು ಹೆಂಡತಿಯಾಗಿ ಕರೆದುಕೊಂಡು ಹಳ್ಳಿಗೆ ಹಿಂದಿರುಗುತ್ತಾನೆ. ಮನೆಯವರು ಪೂಜಿಸುವ ಪುಣ್ಯಕೋಟಿ ಎಂಬ ಹಸು ಹಿಲ್ಡಾಳ ಕಾರಣದಿಂದ ಆಹಾರಕ್ಕಾಗಿ ಹತವಾಗುತ್ತದೆ. ಮನೆಯೂ ಊರೂ ಒಡೆಯುತ್ತವೆ. ಕಾಳಿಂಗನ ತಾಯಿ ಮೂಕಿ. ಆದರೆ ಅವಳ ಸಂಕಟವನ್ನು ಅರಿಯದವರು ಹಳ್ಳಿಯಲ್ಲಿ ಒಬ್ಬರೂ ಇಲ್ಲ. ಹಿಲ್ಡಾ ಮಾತುಬಲ್ಲವಳು, ಅವಳ ಮಾತಿನ ಅರ್ಥವನ್ನು ಅರಿಯುವವರು ಇಲ್ಲ. ಈ ಎರಡು ಪಾತ್ರಗಳನ್ನು ಒಂದೇ ಸೂರಿನ ಕೆಳಗೆ ಇಟ್ಟಿರುವುದು ಕಾದಂಬರಿಕಾರರ ನಿಜವಾದ ಪ್ರತಿಭೆಯ ಗುರುತು.

ಕೃತಿಯ ಹೆಸರು ನಮ್ಮ ನಾಡಿನ ಮಕ್ಕಳೆಲ್ಲರೂ ಬಲ್ಲ ಗೋವಿನ ಹಾಡಿನಿಂದ ಬಂದುದು. ಆ ಹಾಡಿನಲ್ಲಿ ಕಾಳಿಂಗನೆಂಬವನು ಗೊಲ್ಲ. ಪುಣ್ಯಕೋಟಿ ಅವನ ಹಸು. ಹುಲಿಗೆ ಸಿಕ್ಕಿಬಿದ್ದ ಹಸು ಕರುವಿಗೆ ಹಾಲೂಡಿ ಬರುವೆನೆಂದು ಭಾಷೆ ಕೊಟ್ಟು ದೊಡ್ಡಿಗೆ ಬರುತ್ತದೆ. ತಬ್ಬಲಿಯಾಗಲಿರುವ ಕರುವನ್ನು ಸಂಗಾತಿ ಹಸುಗಳಿಗೆ ಒಪ್ಪಿಸುತ್ತದೆ. ಕೊಟ್ಟ ಮಾತಿನಂತೆ ಹುಲಿಯ ಬಳಿಗೆ ಹಿಂದಿರುಗುತ್ತದೆ. ಹಾಡಿನ ಸಾರ ಸತ್ಯವಾಕ್ಯವೆಂದು ನಾವೆಲ್ಲ ಶಾಲೆಯಲ್ಲಿ ಕಲಿತಿದ್ದೇವೆ. ಅದು ಸರಿ. ಆದರೆ ಸತ್ಯವಾಕ್ಯದ ಜೊತೆಗೇ ಇನ್ನೊಂದು ಧರ್ಮವೂ ಅಲ್ಲಿ ಉಂಟು. ತಬ್ಬಲಿಯನ್ನು ತಮ್ಮದೆಂದು ನೋಡಿಕೊಳ್ಳಬೇಕೆಂಬ ಬೇಡಿಕೆ ಅದು. ಹಾಡಿನ ಹಸು ಆ ಬೇಡಿಕೆಯನ್ನು ಮೌನಕ್ಕೆ ಬಿಡುವುದಿಲ್ಲ. ಬಾಯಿಬಿಟ್ಟು, ಒಬ್ಬೊಬ್ಬರನ್ನೂ ಕರೆದು ಹೇಳುತ್ತದೆ.

ಕಾದಂಬರಿಯಲ್ಲಿ ಈ ತಬ್ಬಲಿ ಯಾರು? ತಾಯಿಯಿಂದಲೂ ಗೋವಿನಿಂದಲೂ ದೂರವಾದ ಮಗನೇ ತಬ್ಬಲಿಯೆಂಬುದು ಕೃತಿಯ ಹೆಸರೇ ಸೂಚಿಸುವ ಉತ್ತರ. ಆ ಉತ್ತರ ಅರ್ಧಸತ್ಯವೆಂದು ನನ್ನ ಅಭಿಪ್ರಾಯ. ಕಾಳಿಂಗನು ಏನನ್ನು ಕಳೆದುಕೊಂಡರೂ ಅವನ ಕಾಲ ಕೆಳಗಿನ ಮಣ್ಣು ಅವನದು, ಕಿವಿಗೆ ಬೀಳುವ ಭಾಷೆ ಅವನದು. ತಾಯಿತಂದೆಯರನ್ನೂ, ಮಾತನ್ನೂ, ನೆಲವನ್ನೂ ಬಿಟ್ಟು ಬಂದವಳು ಹಿಲ್ಡಾ. ‘ಮರಳುವುದು’ ಎಂಬ ಮಾತು ಆ ದಂಪತಿಗಳಲ್ಲಿ ಒಬ್ಬರಿಗೆ ಮಾತ್ರ ಸಲ್ಲುತ್ತದೆ. ಅವನ ಪಾಲಿಗೆ ಮರಳುವಿಕೆಯಾದುದು ಅವಳ ಪಾಲಿಗೆ ಹೊರಡುವಿಕೆ.

೩

ಕೃತಿಯನ್ನು ಅದರ ಕಾಲದಿಂದ ಬೇರ್ಪಡಿಸಿ ಓದುವುದು ಅನ್ಯಾಯವಾದೀತು. ೧೯೬೪ರಲ್ಲಿ ಬೆಂಗಳೂರಿನಲ್ಲಿ ಕೃಷಿ ವಿಶ್ವವಿದ್ಯಾನಿಲಯ ಸ್ಥಾಪಿತವಾಯಿತು. ಅದಕ್ಕೆ ಅಮೆರಿಕದ ಟೆನೆಸ್ಸೀ ವಿಶ್ವವಿದ್ಯಾನಿಲಯದ ನೆರವು ದೊರೆಯಿತು. ಅದೇ ೧೯೬೪ರಲ್ಲಿ ಮೈಸೂರು ರಾಜ್ಯದ ಗೋಹತ್ಯಾ ನಿಷೇಧದ ಕಾಯಿದೆಯೂ ಬಂದಿತು. ೧೯೬೫-೬೬ರ ಅನಾವೃಷ್ಟಿಯ ಕಾಲದಲ್ಲಿ ಅಮೆರಿಕದ ಗೋಧಿ ಹಡಗುಗಳಲ್ಲಿ ನಮ್ಮ ಬಂದರುಗಳಿಗೆ ಬರುತ್ತಿದ್ದಿತು. ೧೯೬೬ರ ನವೆಂಬರ್ ೭ರಂದು ದೆಹಲಿಯಲ್ಲಿ ಸಂಸತ್ ಭವನದ ಮುಂದೆ ಗೋರಕ್ಷಣೆಗಾಗಿ ಬೃಹತ್ ಪ್ರದರ್ಶನ ನಡೆದು, ಗೋಲೀಬಾರಿನಲ್ಲಿ ಜೀವಹಾನಿಯಾಯಿತು. ಅನ್ನಕ್ಕೂ ವಿಜ್ಞಾನಕ್ಕೂ ಅಮೆರಿಕದ ಕಡೆಗೆ ಕೈಚಾಚುತ್ತ, ಅದೇ ಗಳಿಗೆಯಲ್ಲಿ ತನ್ನ ಪೂಜ್ಯವಸ್ತುವನ್ನು ಶಾಸನದಿಂದ ಭದ್ರಪಡಿಸಲು ಯತ್ನಿಸುತ್ತಿದ್ದ ಒಂದು ದಶಕದ ಮನಸ್ಸು ಈ ಕಾದಂಬರಿಯಲ್ಲಿ ಮೂಡಿದೆ. ಇತಿಹಾಸದ ವಿದ್ಯಾರ್ಥಿಗೆ ಇದು ಬೆಲೆಯುಳ್ಳ ಸಾಕ್ಷ್ಯ.

ಆದರೆ ಆ ದಶಕದ ಹೊರೆಯನ್ನೆಲ್ಲ ಒಬ್ಬ ಹೆಣ್ಣಿನ ತಲೆಯ ಮೇಲೆ ಹೊರಿಸಿದಾಗ ಒಂದು ತೊಡಕು ಹುಟ್ಟುತ್ತದೆ. ಹಿಲ್ಡಾ ಒಂದು ಮನೆಯ ಸೊಸೆಯಾಗಿ ಉಳಿಯದೆ ಪಶ್ಚಿಮ ಸಂಸ್ಕೃತಿಯ ಪ್ರತಿನಿಧಿಯಾಗುತ್ತಾಳೆ. ಪ್ರತಿನಿಧಿಗಳು ವಾದಿಸಬಲ್ಲರು, ಗೆಲ್ಲಬಲ್ಲರು ಅಥವಾ ಸೋಲಬಲ್ಲರು. ಒಗ್ಗಿಕೊಳ್ಳುವುದು ಮಾತ್ರ ಅವರಿಂದಾಗದು. ಪರದೇಶದ ಸಂಗಾತಿಯೊಡನೆ ಊರಿಗೆ ಬಂದವರ ಬಾಳು ನಿಜವಾಗಿ ಹೀಗೆ ಎರಡು ನಾಗರಿಕತೆಗಳ ಘರ್ಷಣೆಯಿಂದಲೇ ನಿರ್ಣಯವಾಗುತ್ತಿದ್ದಿತೇ? ಇತಿಹಾಸದಿಂದ ಎರಡು ನಿದರ್ಶನಗಳನ್ನು ತೆಗೆದುಕೊಂಡು ನೋಡಬಹುದು.

೪

ಮೊದಲನೆಯದು ಪುದುಕ್ಕೋಟ್ಟೈ ಸಂಸ್ಥಾನದ ಪ್ರಸಂಗ. ಅಲ್ಲಿಯ ರಾಜನಾದ ಮಾರ್ತಾಂಡ ಭೈರವ ತೊಂಡೈಮಾನನು ೧೯೧೫ರಲ್ಲಿ ಆಸ್ಟ್ರೇಲಿಯದ ಮೆಲ್ಬರ್ನಿನ ಮಾಲಿ ಫಿಂಕ್ ಎಂಬವಳನ್ನು ಮದುವೆಯಾಗಿ ಅವಳೊಡನೆ ತನ್ನ ರಾಜ್ಯಕ್ಕೆ ಬಂದನು. ಧನವಿತ್ತು, ಅರಮನೆಯಿತ್ತು, ಸೇವಕರಿದ್ದರು. ಆದರೂ ದಂಪತಿಗಳು ಅಲ್ಲಿ ನಿಂತುದು ಕೆಲವು ತಿಂಗಳು ಮಾತ್ರ. ಅವಳನ್ನು ರಾಣಿಯೆಂದು ಮನ್ನಿಸಲು ಬ್ರಿಟಿಷ್ ಸರ್ಕಾರ ಒಪ್ಪಲಿಲ್ಲ. ೧೯೧೬ರಲ್ಲಿ ಹುಟ್ಟಿದ ಮಗನಿಗೆ ಪಟ್ಟದ ಹಕ್ಕು ದೊರೆಯಲಿಲ್ಲ. ರಾಜನು ಉಳಿದ ಆಯುಷ್ಯವನ್ನು ಹೊರದೇಶಗಳಲ್ಲಿಯೇ ಕಳೆದು ೧೯೨೮ರಲ್ಲಿ ಪ್ಯಾರಿಸಿನಲ್ಲಿ ತೀರಿಕೊಂಡನು. ಇಲ್ಲಿ ಗಮನಿಸಬೇಕಾದುದು ಇಷ್ಟು: ಪಶ್ಚಿಮದ ಹೆಣ್ಣಿಗೆ ಬಾಗಿಲು ಮುಚ್ಚುವುದರಲ್ಲಿ ಮುಖ್ಯಪಾತ್ರ ವಹಿಸಿದುದು ಪಶ್ಚಿಮದ ಪ್ರಭುತ್ವವೇ. ಆಳುವವರ ಬಣ್ಣದ ಹೆಣ್ಣು ಆಳಿಸಿಕೊಳ್ಳುವವರ ಮನೆಯ ಸೊಸೆಯಾಗುವುದನ್ನು ಸಾಮ್ರಾಜ್ಯವು ಸಹಿಸಲಿಲ್ಲ. ಪೂರ್ವ–ಪಶ್ಚಿಮಗಳ ಸಂಘರ್ಷವೆಂಬ ಸರಳ ಸೂತ್ರಕ್ಕೆ ಈ ಪ್ರಸಂಗ ಒಗ್ಗುವುದಿಲ್ಲ.

ಎರಡನೆಯದು ವಂಗದೇಶದ್ದು. ಕೇಂಬ್ರಿಡ್ಜಿನ ಎಡಿತ್ ಎಲೆನ್ ಗ್ರೇ ಎಂಬ ತರುಣಿ ೧೯೦೯ರಲ್ಲಿ, ಅಲ್ಲಿ ಓದಲು ಬಂದಿದ್ದ ಜತೀಂದ್ರ ಮೋಹನ ಸೇನ್‌ಗುಪ್ತರನ್ನು ವರಿಸಿ ಅವರೊಡನೆ ಭಾರತಕ್ಕೆ ಬಂದಳು. ಅವಿಭಕ್ತ ಕುಟುಂಬದ ಸೊಸೆಯಾಗಿ ಸಂಸಾರ ಹೂಡಿದಳು. ಈಕೆಯೇ ಮುಂದೆ ನೆಲ್ಲಿ ಸೇನ್‌ಗುಪ್ತಾ ಎಂದು ಪ್ರಸಿದ್ಧಳಾದವಳು. ಅಸಹಕಾರ ಚಳವಳಿಯಲ್ಲಿ ಮನೆಮನೆಗೆ ಹೋಗಿ ಖಾದಿ ಮಾರಿದಳು, ಸೆರೆಮನೆ ಕಂಡಳು. ೧೯೩೩ರಲ್ಲಿ, ಪಂಡಿತ ಮಾಳವೀಯರು ಬಂಧಿತರಾದಾಗ, ಕಲಕತ್ತೆಯ ಕಾಂಗ್ರೆಸ್ ಅಧಿವೇಶನದ ಅಧ್ಯಕ್ಷತೆಯನ್ನು ಆಕೆಗೆ ಒಪ್ಪಿಸಲಾಯಿತು. ಅದೇ ವರ್ಷ ಪತಿ ಬಂಧನದಲ್ಲಿದ್ದಾಗಲೇ ತೀರಿಕೊಂಡರು. ಯಾವ ಮನುಷ್ಯನ ಸಲುವಾಗಿ ಆಕೆ ಕಡಲು ದಾಟಿ ಬಂದಿದ್ದಳೋ ಆ ಮನುಷ್ಯನೇ ಇಲ್ಲವಾದ ಮೇಲೆಯೂ ಆಕೆ ಹಿಂದಿರುಗಲಿಲ್ಲ. ೧೯೪೭ರಲ್ಲಿ ದೇಶ ವಿಭಜನೆಯಾದಾಗ ಪತಿಯ ಊರಾದ ಚಿತ್ತಗಾಂಗು ಪಾಕಿಸ್ತಾನಕ್ಕೆ ಸೇರಿತು. ಆಗಲೂ ಆಕೆ ಆ ಊರನ್ನೇ ನೆಚ್ಚಿ ನಿಂತಳು. ೧೯೭೩ರಲ್ಲಿ ಭಾರತ ಸರ್ಕಾರ ಆಕೆಗೆ ಪದ್ಮವಿಭೂಷಣ ಪ್ರಶಸ್ತಿಯನ್ನು ನೀಡಿತು. ಆ ವರ್ಷವೇ ಆಕೆ ನಿಧನಳಾದಳು.

ಇಬ್ಬರೂ ಪಶ್ಚಿಮದವರು, ಇಬ್ಬರೂ ಹೆಚ್ಚುಕಡಮೆ ಒಂದೇ ಕಾಲದವರು. ಒಬ್ಬಳಿಗೆ ಅರಮನೆ ದಕ್ಕಲಿಲ್ಲ. ಇನ್ನೊಬ್ಬಳಿಗೆ ಊರೇ ದಕ್ಕಿತು. ನೆಲ್ಲಿ ಸೇನ್‌ಗುಪ್ತಾಳಿಗೆ ದೊರೆತು ಮಾಲಿ ಫಿಂಕಳಿಗೆ ದೊರೆಯದಿದ್ದುದು ಎರಡು: ಒಳಗೆ ಕರೆದುಕೊಂಡ ಒಂದು ಕುಟುಂಬ, ಮತ್ತು ಮಾಡಲು ಒಂದು ಕೆಲಸ. ಎರಡು ನಿದರ್ಶನಗಳಿಂದ ನಿಯಮವನ್ನು ಕಟ್ಟಲಾಗದೆಂಬುದು ನಿಜ. ಅಧಿಕಾರವು ಮದುವೆಯನ್ನು ನೋಡಿದ ರೀತಿಯೂ ಸಂಸ್ಥಾನದಲ್ಲಿ ಒಂದು ತೆರ, ವಕೀಲರ ಮನೆಯಲ್ಲಿ ಇನ್ನೊಂದು ತೆರ. ಆದರೂ ಬಂದವಳ ಹುಟ್ಟುನಾಡು ಎಲ್ಲವನ್ನೂ ನಿರ್ಣಯಿಸುವುದಿಲ್ಲ, ಬರಮಾಡಿಕೊಳ್ಳುವವರ ನಡೆಯೂ ನಿರ್ಣಾಯಕವೆಂದು ಹೇಳಲು ಇಷ್ಟು ಸಾಕು.

೫

ಬರಮಾಡಿಕೊಳ್ಳುವವರಲ್ಲಿ ಕಾನೂನೂ ಒಂದು. ೧೮೭೨ರ ಮೂರನೆಯ ಕಾಯಿದೆಯಂತೆ ಮದುವೆಯಾಗಬೇಕಾದರೆ ವಧೂವರರು ತಾವು ಹಿಂದೂ, ಕ್ರೈಸ್ತ, ಮುಸ್ಲಿಮ್ ಮೊದಲಾದ ಯಾವ ಧರ್ಮಕ್ಕೂ ಸೇರಿದವರಲ್ಲವೆಂದು ಘೋಷಿಸಬೇಕಾಗಿದ್ದಿತು. ಆ ಕಟ್ಟನ್ನು ೧೯೫೪ರ ವಿಶೇಷ ವಿವಾಹ ಕಾಯಿದೆ ಬಿಡಿಸಿತು. ಆದರೆ ಅದೇ ಕಾಯಿದೆಯ ಹತ್ತೊಂಬತ್ತನೆಯ ಕಲಮು ಇನ್ನೊಂದು ಮಾತನ್ನು ಹೇಳುತ್ತದೆ: ಅವಿಭಕ್ತ ಹಿಂದೂ ಕುಟುಂಬದ ಸದಸ್ಯನು ಈ ಕಾಯಿದೆಯಂತೆ ಮದುವೆಯಾದರೆ ಅವನು ಆ ಕುಟುಂಬದಿಂದ ಬೇರ್ಪಟ್ಟಂತೆಯೇ ಎಣಿಕೆ. ೧೯೭೬ರ ತಿದ್ದುಪಡಿಯು ವಧೂವರರಿಬ್ಬರೂ ಹಿಂದೂ, ಬೌದ್ಧ, ಸಿಖ್ ಅಥವಾ ಜೈನರಾಗಿದ್ದರೆ ಮಾತ್ರ ಈ ವಿಧಿಯಿಂದ ವಿನಾಯಿತಿ ಕೊಟ್ಟಿತು. ಇದು ಆ ಕಾಯಿದೆಯಂತೆ ನಡೆದ ಮದುವೆಗಳಿಗೆ ಮಾತ್ರ ಸಂಬಂಧಿಸಿದುದಾದರೂ, ಅದರ ಹಿಂದಿನ ಮನೋಧರ್ಮ ಎದ್ದು ಕಾಣುತ್ತದೆ. ಪರಧರ್ಮದವಳನ್ನು ಕೈಹಿಡಿದವನನ್ನು ಹಳ್ಳಿಯ ಪಂಚಾಯಿತಿ ಮಾತ್ರವಲ್ಲ, ಗಣರಾಜ್ಯದ ಸಂಸತ್ತೂ ಕುಟುಂಬದಿಂದ ಹೊರಗೆ ನಿಲ್ಲಿಸಿತು.

ಪೌರತ್ವದ ವಿಷಯವೂ ಇಂತಹದೇ. ೧೯೦೭ರ ಅಮೆರಿಕದ ಶಾಸನದಂತೆ ಪರದೇಶದವನನ್ನು ಮದುವೆಯಾದ ಅಮೆರಿಕದ ಹೆಣ್ಣು ತನ್ನ ಪೌರತ್ವವನ್ನೇ ಕಳೆದುಕೊಳ್ಳುತ್ತಿದ್ದಳು. ೧೯೨೨ರಲ್ಲಿ ಇದನ್ನು ಸಡಿಲಿಸಿದರೂ, ಅಮೆರಿಕದ ಪೌರನಾಗಲು ಅರ್ಹನಲ್ಲದವನನ್ನು ವರಿಸಿದವಳಿಗೆ ಆ ಸಡಿಲಿಕೆ ಇರಲಿಲ್ಲ. ಭಾರತೀಯರು ಹಾಗೆ ಅರ್ಹರಲ್ಲವೆಂದು ೧೯೨೩ರಲ್ಲಿ ಭಗತ್ ಸಿಂಗ್ ಥಿಂಡರ ಮೊಕದ್ದಮೆಯಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತಿತು. ೧೯೩೧ರಲ್ಲಿ ಮಾತ್ರ ಹೆಂಡತಿಯರಿಗೆ ಈ ಶಿಕ್ಷೆ ತಪ್ಪಿತು. ನಮ್ಮ ೧೯೫೫ರ ಪೌರತ್ವ ಕಾಯಿದೆಯೂ ಭಾರತೀಯನ ವಿದೇಶೀ ಹೆಂಡತಿಗೆ ನೋಂದಣಿಯ ದಾರಿ ತೆರೆಯಿತು; ಭಾರತೀಯಳ ವಿದೇಶೀ ಗಂಡನಿಗೆ ಆ ದಾರಿ ತೆರೆದುದು ೧೯೮೬ರ ತಿದ್ದುಪಡಿಯಿಂದ. ಗಂಡಸು ಮರಳಿದರೆ ಮನೆ ಹಿಂಬಾಲಿಸಿ ಬರುತ್ತದೆ, ಹೆಂಗಸು ಗಂಡನ ಹಿಂದೆ ಹೋಗತಕ್ಕವಳು ಎಂಬ ಭಾವನೆ ಎರಡು ದೇಶಗಳ ಶಾಸನಗಳಲ್ಲಿಯೂ ಒಂದೇ ತೆರನಾಗಿ ಅಡಗಿದ್ದಿತು.

೬

ಈ ಹಿನ್ನೆಲೆಯಲ್ಲಿ ಕಾದಂಬರಿಗೆ ಹಿಂದಿರುಗೋಣ. ಹಿಲ್ಡಾಳ ಕೃತ್ಯವನ್ನು ನಾನು ಹಗುರಗೊಳಿಸುತ್ತಿಲ್ಲ. ಒಂದು ಮನೆಯವರು ತಾಯಿಯೆಂದು ನಂಬಿದುದನ್ನು ಕೊಲ್ಲುವ ಅಧಿಕಾರ ಆ ಮನೆಗೆ ಬಂದವರಿಗೆ ಇಲ್ಲ. ಉಪಯುಕ್ತತೆಯ ಯಾವ ಲೆಕ್ಕವೂ ಅದನ್ನು ಕೊಡಲಾರದು. ಈ ಗಾಯದ ಆಳವನ್ನು ಕಾದಂಬರಿಕಾರರಂತೆ ತೋರಿಸಿದವರು ಕನ್ನಡದಲ್ಲಿ ವಿರಳ. ನನ್ನ ಆಕ್ಷೇಪ ಹೊಣೆಗಾರಿಕೆಯ ಹಂಚಿಕೆಯನ್ನು ಕುರಿತದ್ದು.

ಕಂಪನಿ ಸರ್ಕಾರದ ಕಾಲದಲ್ಲಿ ದುಭಾಷಿಯೆಂಬವನೊಬ್ಬನಿರುತ್ತಿದ್ದನು. ಎರಡು ಕಡೆಯ ಮಾತನ್ನೂ ಬಲ್ಲವನು ಅವನೊಬ್ಬನೇ ಆದುದರಿಂದ, ವ್ಯವಹಾರ ಕೆಟ್ಟರೆ ಇಬ್ಬರೂ ಅವನನ್ನೇ ಕೇಳುತ್ತಿದ್ದರು. ಪರದೇಶದ ಸಂಗಾತಿಯೊಡನೆ ಊರಿಗೆ ಬಂದವನ ಸ್ಥಾನ ಇದೇ. ಹಳ್ಳಿಯನ್ನೂ ಬಲ್ಲವನು, ಹಿಲ್ಡಾಳ ನಾಡನ್ನೂ ಬಲ್ಲವನು ಕಾಳಿಂಗನೊಬ್ಬನೇ. ತಾಯಿಗೆ ಹೆಂಡತಿಯನ್ನೂ, ಹೆಂಡತಿಗೆ ತಾಯಿಯನ್ನೂ ಅರ್ಥಮಾಡಿಸಬೇಕಾದವನು ಅವನು. ಆದರೆ ಅವನು ಹಳ್ಳಿಗೆ ಬರುವಾಗಲೇ ಹಳ್ಳಿಯನ್ನು ಅಮೆರಿಕದ ವ್ಯವಸಾಯ ಶಾಸ್ತ್ರದ ಕಣ್ಣಿನಿಂದ ನೋಡುವವನಾಗಿದ್ದನು. ತಾನೇ ಬಿಟ್ಟುಕೊಟ್ಟ ನಂಬಿಕೆಯನ್ನು ಅವನು ಹೆಂಡತಿಗೆ ಹೇಗೆ ತಿಳಿಯಹೇಳಿಯಾನು? ಹಾಡಿನ ಹಸು ಸಾವಿಗೆ ಹೊರಡುವ ಮೊದಲು ಕರುವನ್ನು ಬಾಯಿಬಿಟ್ಟು ಇತರರಿಗೆ ಒಪ್ಪಿಸಿತು. ಗೊಲ್ಲನ ಹೆಸರು ಹೊತ್ತ ಕಾಳಿಂಗನು ತನ್ನನ್ನು ನಂಬಿ ಬಂದವಳನ್ನು ಯಾರಿಗೂ ಒಪ್ಪಿಸಲಾರದೆ ಹೋದನು. ಆಮೇಲೆ ಅವನ ಮನಸ್ಸು ಗೋವಿನ ಕಡೆಗೆ ತಿರುಗಿದಾಗ ಕೃತಿಯ ಕರುಣೆಯೆಲ್ಲ ಅವನತ್ತ ಹರಿಯುತ್ತದೆ. ಹಿಲ್ಡಾಳ ಪಾಲಿಗೆ ಉಳಿಯುವುದು ತೀರ್ಪು ಮಾತ್ರ.

ಕಾದಂಬರಿ ಕಲ್ಪನೆಯ ಸೃಷ್ಟಿ, ಅದನ್ನು ದಾಖಲೆಯ ತಕ್ಕಡಿಯಲ್ಲಿ ತೂಗುವುದು ಸಲ್ಲದೆಂದು ಸಾಹಿತ್ಯದ ಅಧ್ಯಾಪಕ ಮಿತ್ರರು ಹೇಳಬಹುದು. ಹಿಲ್ಡಾಳಂತಹವರು ಇದ್ದರೇ ಇಲ್ಲವೇ ಎಂಬುದು ನನ್ನ ಪ್ರಶ್ನೆಯಲ್ಲ, ಇದ್ದಿರಬಹುದು. ಕೃತಿಯು ಸಾರುವ ಗೋವಿನ ಹಾಡಿನ ಧರ್ಮವನ್ನೇ ಕೃತಿಗೆ ಅನ್ವಯಿಸಿ ನೋಡಿದ್ದೇನೆ. ತಬ್ಬಲಿಯನ್ನು ಒಳಗೆ ಕರೆದುಕೊಳ್ಳಬೇಕೆಂಬ ಆ ಧರ್ಮ ಕರುವಿನವರೆಗೆ ಬಂದು, ಸೊಸೆಯ ಬಳಿ ನಿಂತುಬಿಟ್ಟಿದೆ.

ನಮ್ಮ ಕಾಲೇಜುಗಳಿಂದ ಹೊರದೇಶಗಳಿಗೆ ಓದಲು ಹೋಗುವವರ ಸಂಖ್ಯೆ ಕಾಳಿಂಗನ ಕಾಲಕ್ಕಿಂತ ಇಂದು ಬಹಳ ಹೆಚ್ಚು. ಅವರಲ್ಲಿ ಕೆಲವರು ಸಂಗಾತಿಯೊಡನೆ ಮರಳಿ ಬರುತ್ತಾರೆ. ಪ್ರಶ್ನೆ ಕೇಳಿದ ವಿದ್ಯಾರ್ಥಿನಿಯೇ ಮುಂದೊಂದು ದಿನ ಹಾಗೆ ಬರಬಹುದು, ಅಥವಾ ಪರರ ಊರಿಗೆ ಹಿಲ್ಡಾಳಂತೆ ಹೋಗಬಹುದು. ಹಿಲ್ಡಾ ಎಲ್ಲಿಗೂ ಮರಳಲಿಲ್ಲ, ಅವಳು ಬಂದಳು ಅಷ್ಟೆ, ಎಂಬುದು ಅವಳಿಗೆ ನನ್ನ ಉತ್ತರ. ಬಂದವಳಿಗೆ ಅದು ಊರಾಗಬೇಕಾದರೆ, ಮರಳಿದವನು ಮೊದಲು ಬಾಯಿಬಿಡಬೇಕು.