ಗಿರಣಿ ಬಂದಾಗ ಯಾರೂ ಅಳಲಿಲ್ಲ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನಬಾಗೇವಾಡಿ ಕಡೆ ಯಾವುದೇ ಸಾಹಿತ್ಯ ಸಮ್ಮೇಳನಕ್ಕೆ ಹೋಗಿ, ಜಾನಪದ ಗೋಷ್ಠಿಯಲ್ಲಿ ಒಂದು ಮಾತು ತಪ್ಪದೆ ಬರುತ್ತದೆ: ಮೊಬೈಲು ಬಂತು, ಯೂಟ್ಯೂಬ್ ಬಂತು, ಡಿಜೆ ಬಂತು, ಜಾನಪದ ಕೆಟ್ಟು ಹೋಯಿತು. ಸಭೆ ಚಪ್ಪಾಳೆ ತಟ್ಟುತ್ತದೆ, ಅಧ್ಯಕ್ಷರು ತಲೆದೂಗುತ್ತಾರೆ. ಕಬ್ಬಿನ ಹಂಗಾಮಾಗಿದ್ದರೆ ಅದೇ ಹೊತ್ತಿಗೆ ಹೊರಗಿನ ರಸ್ತೆಯಲ್ಲಿ ಎರಡು ಟ್ರೈಲಿ ಎಳೆಯುತ್ತ ಟ್ರ್ಯಾಕ್ಟರೊಂದು ಬರುತ್ತದೆ. ಅದರ ಸೌಂಡ್ ಬಾಕ್ಸಿನಲ್ಲಿ ಮಾಳು ನಿಪನಾಳರ ‘ನಾ ಡ್ರೈವರ’ ಎದ್ದರೆ ಭಾಷಣ ಎರಡು ನಿಮಿಷ ನಿಲ್ಲಬೇಕಾಗುತ್ತದೆ. ವೇದಿಕೆಯ ಮೇಲಿನವರು ಮುಖ ಸಿಂಡರಿಸುತ್ತಾರೆ. ಹಿಂದಿನ ಸಾಲಿನ ಹುಡುಗರ ಕಾಲು ಮಾತ್ರ ತಾಳ ಹಾಕುತ್ತಿರುತ್ತದೆ.

ಹಿರಿಯರ ಸಂಕಟ ಸುಳ್ಳಲ್ಲ. ಆದರೆ ಅವರು ಹಾಕುವ ತಪ್ಪೊಪ್ಪಿನ ಲೆಕ್ಕ ಸುಳ್ಳು. ಕೆಡಿಸಿದ್ದು ಯಂತ್ರವೆಂಬುದು ತಪ್ಪು, ಕೆಟ್ಟದ್ದು ಶುದ್ಧಿಯೆಂಬುದು ಇನ್ನೂ ದೊಡ್ಡ ತಪ್ಪು. ಹಳೆಯ ಹಾಡಿನಲ್ಲಿದ್ದು ಈಗಿನದರಲ್ಲಿ ಕಾಣೆಯಾದದ್ದು ಬೇರೆಯೇ ಒಂದಿದೆ. ಅಶ್ಲೀಲದ ಗದ್ದಲದಲ್ಲಿ ಅದರ ಸುದ್ದಿಯನ್ನೇ ಯಾರೂ ಎತ್ತುತ್ತಿಲ್ಲ.

ಮೊದಲು ಬೀಸುವ ಪದ ಏನಾಯಿತು ನೋಡೋಣ. ನಮ್ಮ ಭಾಗದ ತ್ರಿಪದಿಗಳಲ್ಲಿ ದೊಡ್ಡ ಪಾಲು ಬೀಸುಕಲ್ಲಿನ ಮುಂದೆ ಕೂತ ಹೆಂಗಸಿನದು. ನಸುಕಿನಲ್ಲಿ ಎದ್ದು ಮನೆಮಂದಿಗೆಲ್ಲ ಸಾಲುವಷ್ಟು ಜೋಳ ಬೀಸುವಾಗ ರಟ್ಟೆಯ ನೋವು ಮರೆಯಲು ಹುಟ್ಟಿದ ಹಾಡು ಅದು. ಗೂಟ ಹಿಡಿದು ಕಲ್ಲು ತಿರುವುವ ಲಯವೇ ಅದರ ಲಯ. ಊರಿಗೆ ಹಿಟ್ಟಿನ ಗಿರಣಿ ಬಂದಾಗ ಆ ಹಾಡಿಗೆ ಕೆಲಸವಿಲ್ಲದಾಯಿತು. ಯಾವ ಹೆಂಗಸೂ ಗಿರಣಿಯ ಬಾಗಿಲಲ್ಲಿ ನಿಂತು ತನ್ನ ಪದ ಹೋಯಿತೆಂದು ಅತ್ತ ಸುದ್ದಿಯಿಲ್ಲ. ಪುಟ್ಟಿಯಲ್ಲಿ ಜೋಳ ಒಯ್ದು, ಹಿಟ್ಟು ಹೊತ್ತು ತಂದು, ಉಳಿದ ಹೊತ್ತಿನಲ್ಲಿ ಒಂದಿಷ್ಟು ಹೆಚ್ಚು ನಿದ್ದೆ ಮಾಡಿದಳು. ಒಳ್ಳೆಯದೇ ಮಾಡಿದಳು. ಯೂಟ್ಯೂಬ್ ಹುಟ್ಟಿದ್ದು 2005ರಲ್ಲಿ, ಜಿಯೋ ಬಂದು ಡೇಟಾ ಅಗ್ಗವಾದದ್ದು 2016ರ ಸೆಪ್ಟೆಂಬರ್ ನಂತರ. ಅಷ್ಟರಲ್ಲಿ ಬೀಸುಕಲ್ಲು ಹಿತ್ತಿಲು ಸೇರಿ ಒಂದು ತಲೆಮಾರೇ ಕಳೆದಿತ್ತು. ಆ ಹಾಡು ಉಳಿಯಬೇಕಿತ್ತು ಎನ್ನುವವರು ಆ ದುಡಿತವೂ ಉಳಿಯಬೇಕಿತ್ತು ಎನ್ನಬೇಕಾಗುತ್ತದೆ. ವೇದಿಕೆಯ ಮೇಲೆ ಹಾಗೆನ್ನುವ ಧೈರ್ಯದವರನ್ನು ನಾನು ಕಂಡಿಲ್ಲ.

ಆ ಪದಗಳು ಇವತ್ತು ನಮಗೆ ಸಿಗುತ್ತಿರುವುದಾದರೂ ಹೇಗೆ? ಆಗ ಇಂಡಿ ತಾಲ್ಲೂಕಿನಲ್ಲಿದ್ದ, ಈಗ ಚಡಚಣ ತಾಲ್ಲೂಕಿಗೆ ಸೇರಿದ ಹಲಸಂಗಿಯ ಗೆಳೆಯರು — ಮಧುರಚೆನ್ನ, ಸಿಂಪಿ ಲಿಂಗಣ್ಣ, ಕಾಪಸೆ ರೇವಪ್ಪ ಮೊದಲಾದವರು — ಅವನ್ನು ಬರೆದುಕೊಂಡು 1931ರಲ್ಲಿ ‘ಗರತಿಯ ಹಾಡು’ ಎಂದು ಅಚ್ಚು ಹಾಕಿಸಿದ್ದರಿಂದ. ಕನ್ನಡಕ್ಕೆ ಅದೆಂಥ ಉಪಕಾರವೆಂದು ಬೇರೆ ಹೇಳಬೇಕಿಲ್ಲ. ಆದರೆ ಅಚ್ಚಿನ ಮೊಳೆಯೂ ಯಂತ್ರವೇ, ಅದು ಕೂಡ ಕೊಟ್ಟಷ್ಟೇ ಕಸಿದುಕೊಂಡಿತು. ಪುಸ್ತಕದಲ್ಲಿ ಮಾತು ಉಳಿಯಿತು. ಧಾಟಿ ಹೋಯಿತು, ಕೊರಳು ಹೋಯಿತು, ಕಲ್ಲಿನ ಗರಗರ ಹೋಯಿತು, ಹಾಡಿದವಳ ಹೆಸರೂ ಹೋಯಿತು. ತವರು, ಅಣ್ಣ-ತಮ್ಮ, ತೊಟ್ಟಿಲ ಕೂಸು, ದೇವರು — ಮನೆಯೊಳಗಿನ ಹೆಣ್ಣಿನ ಈ ಲೋಕವೇ ಪುಸ್ತಕದ ಮೂಲಕ ನಾಡಿಗೆಲ್ಲ ಪರಿಚಯವಾಗಿ, ಜಾನಪದವೆಂದರೆ ಇಷ್ಟೇ, ಇಷ್ಟು ಹಸನಾದದ್ದೇ ಎಂಬ ಭಾವನೆ ಓದಿದವರ ಮನಸ್ಸಿನಲ್ಲಿ ಗಟ್ಟಿಯಾಯಿತು. ಗೆಳೆಯರ ತಪ್ಪಲ್ಲ ಅದು, ಅವರು ಲಾವಣಿಗಳನ್ನೂ ಬಲ್ಲವರೇ. ಅವರ ಊರಿನಲ್ಲೇ ಖಾಜಾಭಾಯಿಯಂಥ ಲಾವಣಿಕಾರ ಇದ್ದ. ತಪ್ಪು, ಒಂದು ಪುಸ್ತಕವನ್ನು ಇಡೀ ಊರೆಂದು ತಿಳಿದ ನಮ್ಮದು.

ವಚನದ ಕಥೆಯೂ ಇಂಥದೇ. ಬಸವನಬಾಗೇವಾಡಿಯಲ್ಲಿ ಹುಟ್ಟಿದವನ ಮಾತು ಇವತ್ತು ಮನೆಮನೆಗೆ ಮುಟ್ಟಿದ್ದರೆ, ವಿಜಯಪುರದ ವಕೀಲ ಫ. ಗು. ಹಳಕಟ್ಟಿಯವರು ತಾಳೆಗರಿ ಹುಡುಕಿಕೊಂಡು ತಿರುಗಿ, ಸ್ವಂತ ಮನೆ ಮಾರಿ, 1925ರಲ್ಲಿ ಹಿತಚಿಂತಕ ಮುದ್ರಣಾಲಯ ಹಾಕಿದ್ದು ಒಂದು ದೊಡ್ಡ ಕಾರಣ. ಆಮೇಲೆ ಮಲ್ಲಿಕಾರ್ಜುನ ಮನ್ಸೂರರು ವಚನಗಳನ್ನು ಹಿಂದೂಸ್ತಾನಿ ರಾಗಗಳಲ್ಲಿ ಹಾಡಿದರು, ರೇಡಿಯೋ ಅದನ್ನು ಊರೂರಿಗೆ ಒಯ್ದಿತು. ಹನ್ನೆರಡನೆಯ ಶತಮಾನದ ಶರಣರು ಹೀಗೇ ಹಾಡಿದ್ದರೇ ಎಂದು ಯಾರೂ ತಕರಾರು ತೆಗೆಯಲಿಲ್ಲ. ಧಾರವಾಡದ ಸ್ಟುಡಿಯೋದಲ್ಲಿ ತಂಬೂರಿಯೊಂದಿಗೆ ಬಂದರೆ ಪರಂಪರೆ, ತಾಳಿಕೋಟಿಯ ಕಿರು ಸ್ಟುಡಿಯೋದಲ್ಲಿ ಕೀಬೋರ್ಡಿನೊಂದಿಗೆ ಬಂದರೆ ಅಪಚಾರ — ಈ ಎರಡರ ನಡುವೆ ಇರುವುದು ಯಂತ್ರದ ಪ್ರಶ್ನೆಯಲ್ಲ. ಹಾಡಿದವರು ಯಾರು, ಎಲ್ಲಿ ಕೂತು ಹಾಡಿದರು ಎಂಬ ಪ್ರಶ್ನೆ.

ಇನ್ನು ಹೊಸ ಹಾಡಿನ ವಿಷಯ ಹಗುರ ಎಂಬ ದೂರು. ಡ್ರೈವರು, ಲವ್ವರು, ಮೊಬೈಲು, ಕೈಕೊಟ್ಟ ಹುಡುಗಿ, ಗೋವಾಕ್ಕೆ ದುಡಿಯಲು ಹೋದವನ ಬೇಸರ. ಇವೆಲ್ಲ ಜಾನಪದವೇ ಎಂದು ಕೇಳುತ್ತಾರೆ. 1880ರ ದಶಕದಲ್ಲಿ ಮುಂಬೈ ಸರಕಾರದ ಅಧಿಕಾರಿ ಜೆ. ಎಫ್. ಫ್ಲೀಟ್ ನಮ್ಮ ಕಡೆಯ ಲಾವಣಿಗಳನ್ನು ‘ಇಂಡಿಯನ್ ಆಂಟಿಕ್ವೆರಿ’ಯಲ್ಲಿ ಪ್ರಕಟಿಸಿದರು. ಅವುಗಳಲ್ಲಿ ಸಂಗೊಳ್ಳಿ ರಾಯಣ್ಣನ ಬಂಡಾಯವಿದೆ, ಹಲಗಲಿಯ ಬೇಡರ ದಂಗೆಯಿದೆ. ಜೊತೆಗೆ ಸರಕಾರ ಹೇರಿದ ವರಮಾನ ತೆರಿಗೆಯ ಮೇಲೂ ಒಂದು ಲಾವಣಿಯಿದೆ! ಲಾವಣಿಕಾರ ಅಂದಂದಿನ ಸುದ್ದಿ ಹಾಡಿದ. ಕೊರೋನಾ ಬಂದಾಗ ನಮ್ಮ ಹುಡುಗರು ಕೊರೋನಾ ಮೇಲೆ ಹಾಡು ಕಟ್ಟಿದ್ದು ಅದೇ ಮನೆತನದ ಕಸುಬು. ಫ್ಲೀಟರ ಸಂಗ್ರಹದಲ್ಲಿ ಸಂಗ್ಯಾನ ಪದವೂ ಇದೆ. ಬೈಲಹೊಂಗಲದಲ್ಲಿ ನಡೆದದ್ದೆಂದು ಹೇಳುವ ಆ ಕಥೆ ಏನು? ಗೆಳೆಯನ ಹೆಂಡತಿಯ ಮೇಲೆ ಕಣ್ಣು, ಹಾದರ, ವಿಶ್ವಾಸಘಾತ, ಕೊಲೆ. ಅದನ್ನೇ ಸಣ್ಣಾಟದವರು ರಾತ್ರಿಯಿಡೀ ಆಡಿದರು, ಚಂದ್ರಶೇಖರ ಕಂಬಾರರು ಸಂಪಾದಿಸಿದರು, ಈಗ ಎಂ.ಎ. ವಿದ್ಯಾರ್ಥಿಗಳು ಅದರ ಮೇಲೆ ಪ್ರಬಂಧ ಬರೆಯುತ್ತಾರೆ. ಹಗುರವಾದದ್ದು ಭಾರವಾಗಲು ನೂರು ವರ್ಷ ಹಿಡಿಯುತ್ತದೆ ಅಷ್ಟೆ.

ಯೂಟ್ಯೂಬಿನ ಹಾಡುಗಳಲ್ಲಿ ನನಗೆ ಬಹಳ ಸೊಗಸೆನಿಸಿದ್ದು ಕೊನೆಯ ನುಡಿ. ಲಾವಣಿಯ ಕೊನೆಗೆ ಕವಿಯ ಊರು, ಗುರುವಿನ ಹೆಸರು, ಕವಿಯ ಹೆಸರು ಬರಬೇಕೆಂಬುದು ಮೇಳದ ಕಟ್ಟು. ಈಗಿನ ಎಷ್ಟೋ ಡಿಜೆ ಹಾಡುಗಳಲ್ಲೂ ಕೊನೆಗೆ ಸಾಹಿತ್ಯ ಬರೆದವನ ಹೆಸರು, ಹಾಡಿದವನ ಹೆಸರು, ಅವರ ಊರು ತಪ್ಪದೆ ಬರುತ್ತವೆ. ಈ ಹುಡುಗರಿಗೆ ಇದನ್ನು ಯಾವ ಜಾನಪದ ತಜ್ಞನೂ ಕಲಿಸಲಿಲ್ಲ. ಜಾತ್ರೆಯಲ್ಲಿ, ಮೊಹರಂ ಹೆಜ್ಜೆಮೇಳದಲ್ಲಿ, ರಿವಾಯತ್ ಪದದಲ್ಲಿ ಕೇಳಿ ಕೇಳಿ ಬಂದದ್ದು. ಪರಂಪರೆ ಸತ್ತಿತೆಂದು ಭಾಷಣ ಮಾಡುವವರು ಹಾಡನ್ನು ಕಡೆಯವರೆಗೂ ಕೇಳಿರುವುದಿಲ್ಲ. ಸಿನಿಮಾದವರಿಗಾದರೂ ಈ ಕಿವಿ ಇದೆ: 2018ರಲ್ಲಿ ‘ರ‍್ಯಾಂಬೋ 2’ಗೆ ಶಿವು ಬೇರಗಿ ಬರೆದು ರವೀಂದ್ರ ಸೊರಗಾವಿ, ಶಮಿತಾ ಮಲ್ನಾಡ್ ಹಾಡಿದ ‘ಚುಟು ಚುಟು’ ಯೂಟ್ಯೂಬಿನಲ್ಲಿ ಹತ್ತು ಕೋಟಿ ದಾಟಿತು. ಬೆಂಗಳೂರಿನ ಮದುವೆ ಮನೆಗಳೂ ನಮ್ಮ ಮಾತಿಗೆ ಕುಣಿದವು.

ಅಶ್ಲೀಲದ ಬಗ್ಗೆ ಹೆಚ್ಚು ಹೇಳುವುದು ಬೇಡ. ಹೋಳಿ ಹುಣ್ಣಿವೆಯ ರಾತ್ರಿ ಕಾಮಣ್ಣನ ಮುಂದೆ ಹಲಗೆ ಬಾರಿಸುತ್ತ ಏನೇನು ಹಾಡುತ್ತಿದ್ದರು, ಏನೇನು ಕೂಗುತ್ತಿದ್ದರು ಎಂಬುದನ್ನು ಇಂದು ಡಿಜೆಗೆ ಬೈಯುವ ಹಿರಿಯರೇ ನೆನಪು ಮಾಡಿಕೊಳ್ಳಲಿ. ಈ ಜಗಳ ನಮ್ಮದೊಂದೇ ಅಲ್ಲ. ಈಜಿಪ್ಟಿನ ಕೈರೋದಲ್ಲಿ ಬಡವರ ಓಣಿಗಳ ಹುಡುಗರು ಅಗ್ಗದ ಕಂಪ್ಯೂಟರಿನಲ್ಲಿ ಕಟ್ಟಿದ ‘ಮಹ್ರಗಾನಾತ್’ ಎಂಬ ಹಾಡುಗಳು ಬೀದಿ ಮದುವೆಗಳಲ್ಲಿ ಮೊಳಗಿ ದೇಶವನ್ನೆಲ್ಲ ಹಬ್ಬಿದವು. 2020ರ ಫೆಬ್ರುವರಿಯಲ್ಲಿ ಅಲ್ಲಿನ ಸಂಗೀತಗಾರರ ಸಂಘ ಅವನ್ನು ನಿಷೇಧಿಸಿತು. ಕಾರಣ ಅದೇ: ಹೊಲಸು ಮಾತು, ಅಭಿರುಚಿಯ ನಾಶ. ಹಾಡು ನಿಲ್ಲಲಿಲ್ಲ, ಫೋನಿನಿಂದ ಫೋನಿಗೆ ಹೋಯಿತು. ನಮ್ಮಲ್ಲಿ ಅಂಥ ಅಧಿಕಾರದ ಸಂಘ ಇಲ್ಲದ್ದು ಪುಣ್ಯ.

ಸಪ್ಪಳದ ಮಾತು ಬೇರೆ. ಮನೆಯ ಕಿಟಕಿ ನಡುಗಿಸುವ ಡಿಜೆಯಿಂದ ಹೃದ್ರೋಗಿಗೆ, ಕೂಸಿಗೆ, ಪರೀಕ್ಷೆಗೆ ಓದುವವರಿಗೆ ಆಗುವ ತೊಂದರೆ ನಿಜ. ಅದಕ್ಕೆ 2000ದ ಶಬ್ದಮಾಲಿನ್ಯ ನಿಯಮಗಳಿವೆ: ವಸತಿ ಪ್ರದೇಶದಲ್ಲಿ ಹಗಲು 55 ಡೆಸಿಬಲ್, ರಾತ್ರಿ 45, ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಧ್ವನಿವರ್ಧಕಕ್ಕೆ ತಡೆ. ಪೊಲೀಸರು ಅದನ್ನು ಜಾರಿ ಮಾಡಲಿ. ಭಜನೆಗೂ ಭಾಷಣಕ್ಕೂ ಅದೇ ನಿಯಮ ಅನ್ವಯಿಸಲಿ. ಸಪ್ಪಳ ಹೆಚ್ಚೆಂದು ಹಾಡನ್ನು ಕೀಳೆನ್ನುವುದು ವಿಮರ್ಶೆಯಾಗದು.

ಹಾಗಾದರೆ ಕಳೆದದ್ದೇನು? ಜವಾಬು.

ನಮ್ಮ ಭಾಗದ ಹರದೇಶಿ-ನಾಗೇಶಿ ಹಾಡಿಕೆ ಬಲ್ಲವರಿಗೆ ಇದನ್ನು ವಿವರಿಸಬೇಕಿಲ್ಲ. ಒಂದು ಮೇಳ ಶಿವ ಹೆಚ್ಚು, ಗಂಡು ಹೆಚ್ಚು ಎನ್ನುತ್ತದೆ. ಎದುರಿನ ಮೇಳ ಶಕ್ತಿ ಹೆಚ್ಚು, ಹೆಣ್ಣು ಹೆಚ್ಚು ಎನ್ನುತ್ತದೆ. ದಪ್ಪು, ತುಂತುಣಿ, ತಾಳ. ಹರದೇಶಿಯವನು ಸವಾಲು ಒಗೆದರೆ ನಾಗೇಶಿಯ ಹೆಣ್ಣುಮಗಳು ಅಲ್ಲೇ ಜವಾಬು ಕೊಡಬೇಕು, ಕೊಟ್ಟು ಮರುಸವಾಲು ಹಾಕಬೇಕು. ಪುರಾಣ ತಿಳಿದಿರಬೇಕು, ನಾಲಿಗೆ ಹರಿತವಿರಬೇಕು, ನಾಲ್ಕು ಊರಿನ ಗಂಡಸರು ನಕ್ಕರೂ ಎದೆ ಅದುರಬಾರದು. ಬೆಳಕು ಹರಿಯುವವರೆಗೆ ಇದು ನಡೆಯುತ್ತಿತ್ತು. ಹಾಗಂತ ಆ ಕಾಲ ಸ್ವರ್ಗವಾಗಿರಲಿಲ್ಲ; ರಾತ್ರಿ ಅವಳ ಹಾಡಿಗೆ ತಲೆದೂಗಿದ ಊರು ಹಗಲು ಅವಳಿಗೆ ಕೊಟ್ಟ ಮರ್ಯಾದೆ ಅಷ್ಟಕ್ಕಷ್ಟೇ. ಆದರೂ ಹಾಡಿನೊಳಗೆ ಅವಳಿಗೆ ಗಂಡಿನಷ್ಟೇ ಹೊತ್ತು ಸಿಗುತ್ತಿತ್ತು. ಗೆಲ್ಲುವ ಅವಕಾಶವೂ ಇತ್ತು.

ಈಗಿನ ಡಿಜೆ ಹಾಡಿನಲ್ಲಿ ಹುಡುಗಿ ಕೈಕೊಟ್ಟಳು, ಮರೆತಳು, ನೌಕರಿಯವನನ್ನು ಮದುವೆಯಾದಳು. ಸರಿ, ಅವಳ ಮಾತೇನು? ಕೇಳುವವರಿಲ್ಲ. ಡ್ಯುಯೆಟ್ ಇದ್ದರೂ ಹೆಣ್ಣುಕೊರಳು ಬಹುಮಟ್ಟಿಗೆ ಗಂಡಸು ಬರೆದದ್ದನ್ನೇ ಹಾಡುತ್ತದೆ. ಇದಕ್ಕೆ ಯಂತ್ರವನ್ನು ಬೈದು ಲಾಭವಿಲ್ಲ. ಯಂತ್ರ ಯಾರ ಕೈಯಲ್ಲಿದೆ ನೋಡಬೇಕು. ಟ್ರ್ಯಾಕ್ಟರಿನ ಬಾಕ್ಸು ಹುಡುಗರದು, ಮೆರವಣಿಗೆಯ ಡಿಜೆ ಹುಡುಗರದು, ರೆಕಾರ್ಡಿಂಗಿಗೆ ರೊಕ್ಕ ಹಾಕುವವರೂ ಹೆಚ್ಚಾಗಿ ಹುಡುಗರೇ. ಮನೆಯ ಹೆಣ್ಣುಮಗಳ ಫೋನನ್ನು ಅಪ್ಪ, ಅಣ್ಣ ನೋಡುತ್ತಿರುತ್ತಾರೆ. ಬೀಸುಕಲ್ಲಿನ ಮುಂದೆ ನಸುಕಿನಲ್ಲಿ ಅವಳ ಹಾಡಿಗೆ ಇದ್ದ ಮರೆ, ಅಂಗೈಯಲ್ಲಿನ ಫೋನಿಗೆ ಇಲ್ಲ. ‘ಗರತಿಯ ಹಾಡು’ ಓದಿ ಕಣ್ಣೀರು ಹಾಕುವ ಎಷ್ಟು ಮಂದಿ ತಮ್ಮ ಮಗಳು ಚಾನೆಲ್ ಮಾಡಿ ಹಾಡುತ್ತೇನೆಂದರೆ ಹೂಂ ಎನ್ನುತ್ತಾರೆ?

ಎರಡನೆಯ ನಷ್ಟ ರೊಕ್ಕದ್ದು. ಹಾಡಿನ ಧಾಟಿ ಊರಿನದು, ಯಾರಜ್ಜಿ ಕಟ್ಟಿದಳೋ ಗೊತ್ತಿಲ್ಲ. ಆದರೆ ಯೂಟ್ಯೂಬಿನ ಕಂಟೆಂಟ್ ಐಡಿ ಎಂಬ ವ್ಯವಸ್ಥೆ ಒಂದು ಧ್ವನಿಮುದ್ರಣವನ್ನು ಇನ್ನೊಂದರೊಂದಿಗೆ ಹೋಲಿಸಿ, ಮೊದಲೇ ಹಕ್ಕು ನಮೂದಿಸಿಕೊಂಡವರ ಕಡೆಗೆ ಆದಾಯ ತಿರುಗಿಸಬಲ್ಲದು. ಅಜ್ಜಿಯ ವಿಚಾರ ಅದಕ್ಕೆ ಸಂಬಂಧವಿಲ್ಲ. 1957ರ ಹಕ್ಕುಸ್ವಾಮ್ಯ ಕಾಯಿದೆಯಲ್ಲಿ ಹಾಡಿದವರಿಗೆ 50 ವರ್ಷದ ಹಕ್ಕಿದೆ. ಅದು ಒಂದೇ ಸಲ ಕೈಗೆ ಬಿದ್ದ ಪುಡಿಗಾಸಿಗೆ, ಓದದೆ ಹಾಕಿದ ಸಹಿಗೆ ಮುಗಿದುಹೋಗುವುದುಂಟು. ಭಾಷಣಗಳಲ್ಲಿ ಸಂಸ್ಕೃತಿಯ ಚಿಂತೆ ಧಾರಾಳವಾಗಿರುತ್ತದೆ, ಈ ಕಾಗದವನ್ನು ಹುಡುಗರಿಗೆ ಓದಿ ಹೇಳುವವರು ಮಾತ್ರ ಇಲ್ಲ.

ಈ ಹಾಡುಗಳಲ್ಲಿ ಕೆಟ್ಟವು ಬಹಳ, ಅದನ್ನು ಮುಚ್ಚಿಡುವುದಿಲ್ಲ. ಒಂದೇ ಬೀಟು, ಒಂದೇ ಧಾಟಿ ಹತ್ತು ಹಾಡಿಗೆ, ಆಟೋಟ್ಯೂನ್ ಹಾಕಿ ಕೊರಳಿನ ಒರಟು ಸೊಗಸನ್ನೆಲ್ಲ ಒರೆಸಿದ್ದು. ಆದರೆ ಯಾವುದು ಕೆಟ್ಟದ್ದು, ಯಾವುದು ಒಳ್ಳೆಯದು ಎಂದು ವಿಂಗಡಿಸಿ ಹೇಳುವ ವಿಮರ್ಶಕ ಒಬ್ಬನೂ ಇಲ್ಲ. ಶಿಗ್ಗಾವಿ ತಾಲ್ಲೂಕಿನ ಗೊಟಗೋಡಿಯಲ್ಲಿ 2011ರಿಂದ ಜಾನಪದ ವಿಶ್ವವಿದ್ಯಾಲಯವೇ ಇದೆ. ಈ ಹಾಡುಗಳನ್ನು ಇಸವಿ, ಊರು, ಧಾಟಿ ಸಮೇತ ಪಟ್ಟಿ ಮಾಡುವುದು ಅಂಥ ಸಂಸ್ಥೆಗೆ ಅಸಾಧ್ಯದ ಕೆಲಸವಲ್ಲ. ಅದಕ್ಕೂ ಮೊದಲು ನಮ್ಮ ನಾಲ್ಕು ತಾಲ್ಲೂಕಿನ ಸಮ್ಮೇಳನದವರು ಒಂದು ಗೋಷ್ಠಿ ಕಡಿಮೆ ಮಾಡಿ, ಒಂದು ನಾಗೇಶಿ ಮೇಳಕ್ಕೆ ವೀಳ್ಯ ಕೊಡಲಿ. ‘ನಾ ಡ್ರೈವರ’ನಿಗೆ ನಾಗೇಶಿಯ ಧಾಟಿಯಲ್ಲಿ ಒಂದು ಜವಾಬು ಕಟ್ಟಿರವ್ವಾ ಎಂದು ಕೇಳಲಿ. ಅದನ್ನು ರೆಕಾರ್ಡ್ ಮಾಡಿ ಹಾಡಿದವಳ ಹೆಸರಿನಲ್ಲೇ ಯೂಟ್ಯೂಬಿಗೆ ಹಾಕಲಿ. ಖರ್ಚು ಹಾರ-ತುರಾಯಿಯ ಲೆಕ್ಕದಲ್ಲೇ ಕುಳಿತೀತು.